ಹೆಂಚಿನಿಂದ ತಾರಸಿಗೆ

ಬೆಳಗಾವಿಯ ಅಪಾರ್ಟ್‌ಮೆಂಟುಗಳಲ್ಲಿ ಇಂದು ಕಾಣುವ, ತಾರಸಿ ಯಾರದ್ದೆಂಬ ಜಗಳ ಹಳೆಯದಲ್ಲ. ಏಕೆಂದರೆ ಈ ಊರಿನಲ್ಲಿ ತಾರಸಿಯೇ ಹಳೆಯದಲ್ಲ. ಜಿಲ್ಲೆಯ ಪೂರ್ವಕ್ಕಿರುವ ಸವದತ್ತಿ, ರಾಮದುರ್ಗದ ಒಣನೆಲದಲ್ಲಿ ಮಣ್ಣಿನ ಮಾಳಿಗೆಯ ಮೇಲೆ ಕಾಳು ಒಣಗುತ್ತಿತ್ತು, ಬೇಸಿಗೆಯಲ್ಲಿ ಜನ ಮಲಗುತ್ತಿದ್ದರು. ಪಶ್ಚಿಮಕ್ಕೆ ಸರಿದಂತೆ ಮಳೆ ಹೆಚ್ಚಿ, ಚಾವಣಿ ಇಳಿಜಾರಾಯಿತು. ಖಾನಾಪುರದ ಜೇಡಿಮಣ್ಣು ಕುಂಬಾರಿಕೆಗೂ ಹೆಂಚಿಗೂ ಒದಗಿತು. ಹೆಂಚಿನ ಮೇಲೆ ಯಾರೂ ಕೂರಲಾರರು; ಹಾಗಾಗಿ ಆ ಚಾವಣಿ ಮಾರಾಟದ ಸರಕೂ ಆಗಿರಲಿಲ್ಲ. ಕಾಂಕ್ರೀಟು ಚಾವಣಿಯನ್ನು ಸಮತಟ್ಟಾಗಿಸಿದ ಮೇಲೆಯೇ ಅದು ಬೆಲೆಬಾಳುವ ಜಾಗವಾಯಿತು.

ದುಡ್ಡು ಕೊಟ್ಟು ಮೇಲಂತಸ್ತಿನ ಮನೆಯನ್ನೂ ತಾರಸಿಯಲ್ಲಿ ಅಟ್ಟಣೆ ಕಟ್ಟುವ ಹಕ್ಕನ್ನೂ ಕೊಂಡವರದ್ದು ತಪ್ಪೇನು ಎಂದು ಕೇಳಬಹುದು. ಆದರೆ ಮಾರುವ ಬಿಲ್ಡರನಿಗೆ ಆ ಹಕ್ಕು ಸೇರಿತ್ತೇ ಎಂಬುದು ಮೊದಲ ಪ್ರಶ್ನೆ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ, ಕಟ್ಟಡದ ಘೋಷಣಾ ಪತ್ರದಲ್ಲಿ (ಡೀಡ್ ಆಫ್ ಡಿಕ್ಲರೇಶನ್) ಬೇರೆ ರೀತಿ ಹೇಳದಿದ್ದರೆ, ಚಾವಣಿಯನ್ನು ಸಾಮಾನ್ಯ ಪ್ರದೇಶವೆಂದೇ ಎಣಿಸುತ್ತದೆ. 2016ರ ರಿಯಲ್ ಎಸ್ಟೇಟ್ (ರೇರಾ) ಕಾಯ್ದೆಯ ಸಾಮಾನ್ಯ ಪ್ರದೇಶಗಳ ಪಟ್ಟಿಯಲ್ಲಿ ತಾರಸಿಯೂ ಇದೆ. ನಿರ್ವಹಣೆಯ ಹೊಣೆಯನ್ನು ಮೇಲಿನವರೇ ಹೊರುತ್ತಾರೆಂಬ ವಾದಕ್ಕೂ ಬಲ ಕಡಿಮೆ: ಮಲೆನಾಡಿನಂಚಿನ ಮಳೆಯಲ್ಲಿ ಅಟ್ಟಣೆಯ ಮೊಳೆಯಿಂದ ಜಲನಿರೋಧಕ ಪದರ ಹರಿದರೆ ಸೋರಿಕೆ ಕೆಳಗಿನವರ ಪಾಲಿಗೂ ಬರುತ್ತದೆ. ಕೊಳ್ಳುವವರು ಬಿಲ್ಡರನ ಮಾತಿಗಿಂತ ಮೊದಲು ಘೋಷಣಾ ಪತ್ರವನ್ನೂ ಮಂಜೂರಾದ ನಕ್ಷೆಯನ್ನೂ ಓದಲಿ.