ಟೋಕಿಯೊದಲ್ಲಿ ಕಲಿತ ಬೇರೆ ಪಾಠ

ದಾಪುಗಾಲಿಟ್ಟು ಆಧುನಿಕವಾಗುತ್ತಿರುವ ದೇಶಕ್ಕೆ ಹುಡುಗರನ್ನು ಕಳಿಸಿದರೆ ಅಲ್ಲಿನ ರೈಲು, ಕಾರ್ಖಾನೆಗಳ ವಿದ್ಯೆ ಕಲಿತು ಬರುತ್ತಾರೆ ಎಂಬುದು ಸರ್ಕಾರಗಳ ಹಳೆಯ ಎಣಿಕೆ. ಮೇಜಿ ಕಾಲದ ಜಪಾನಿಗೆ ಹೋದ ಚೀನೀ ವಿದ್ಯಾರ್ಥಿಗಳು ಅದನ್ನು ತಲೆಕೆಳಗು ಮಾಡಿದರು. 1895ರಲ್ಲಿ ಜಪಾನಿಗೆ ಸೋತ ಚೀನಾದ ಚಿಂಗ್ ಅರಸೊತ್ತಿಗೆ ಮರುವರ್ಷವೇ 13 ಮಂದಿಯನ್ನು ಗೆದ್ದವರ ಬಳಿಗೇ ಓದಲು ಕಳಿಸಿತು. 1905ರಲ್ಲಿ, ಚೀನಾದಲ್ಲಿ ಅಧಿಕಾರಿಗಳನ್ನು ಆರಿಸುವ ಹಳೆಯ ಪರೀಕ್ಷೆ ರದ್ದಾದ ವರ್ಷ, ಆ ಸಂಖ್ಯೆ ಸಾವಿರಗಳಿಗೆ ಏರಿತ್ತು. ಅದೇ ವರ್ಷ ಟೋಕಿಯೊದಲ್ಲಿ ಸುನ್ ಯಾತ್ ಸೆನ್ ಕಟ್ಟಿದ ಕ್ರಾಂತಿಸಂಘಕ್ಕೆ ಸೇರಿದವರಲ್ಲಿ ಈ ಹುಡುಗರೇ ಹೆಚ್ಚು. ಅರಸೊತ್ತಿಗೆಯನ್ನು ಉರುಳಿಸುವುದೇ ಅದರ ಗುರಿ.

ಬಹಳಷ್ಟು ಮಂದಿ ಕೆಲವೇ ತಿಂಗಳ ದಿಢೀರ್ ಕೋರ್ಸಿಗೆ ಬಂದವರು, ಅವರಿಗೆ ಏನು ತಿಳಿದೀತು ಎನ್ನುವವರಿದ್ದಾರೆ. ಕೋರ್ಸು ಪೊಳ್ಳೇ ಇರಲಿ, ಕಲಿಕೆ ಪಠ್ಯಕ್ಕೆ ಸೀಮಿತವಾಗಿರಲಿಲ್ಲ. ಸೆಂಡೈಯಲ್ಲಿ ವೈದ್ಯಕೀಯ ಓದುತ್ತಿದ್ದ ಲು ಶುನ್, ಸೂಕ್ಷ್ಮಜೀವಿಶಾಸ್ತ್ರದ ಪಾಠ ಬೇಗ ಮುಗಿದ ದಿನ ತೋರಿಸಿದ ರಷ್ಯ-ಜಪಾನ್ ಯುದ್ಧದ ಸ್ಲೈಡೊಂದನ್ನು ನೆನೆಯುತ್ತಾನೆ: ರಷ್ಯದ ಗೂಢಚಾರನೆಂಬ ಆರೋಪ ಹೊತ್ತ ಚೀನೀಯನ ತಲೆಯನ್ನು ಜಪಾನಿ ಸೈನಿಕರು ಕಡಿಯಲಿದ್ದಾರೆ, ಸುತ್ತ ನಿಂತ ಚೀನೀಯರು ಸುಮ್ಮನೆ ನೋಡುತ್ತಿದ್ದಾರೆ. ಅವನು ವೈದ್ಯಕೀಯ ಬಿಟ್ಟು ಸಾಹಿತ್ಯಕ್ಕೆ ಹೊರಳಿದ. ಇದನ್ನು ಬರೆದದ್ದು 1922ರಲ್ಲಿ, ನೆನಪು ಬಣ್ಣ ಹಚ್ಚಿಕೊಂಡಿರಬಹುದೆಂಬ ಸಂಶಯ ನ್ಯಾಯವೇ. ಆದರೂ ಅತಿಥೇಯ ದೇಶದ ಪ್ರಗತಿ ತಮ್ಮವರ ಮೈಮೇಲೇ ಹಾದುಹೋಗುತ್ತಿದೆ ಎಂಬ ಅರಿವು ಅವನೊಬ್ಬನದಲ್ಲ. ರಾಷ್ಟ್ರವಾದಿ ನಾಯಕ ಫಾನ್ ಬೊಯ್ ಚಾವ್ ಜಪಾನಿಗೆ ಕರೆತಂದಿದ್ದ ವಿಯೆಟ್ನಾಮಿ ವಿದ್ಯಾರ್ಥಿಗಳಿಗೂ ಅದು ತಟ್ಟಿತು: 1907ರಲ್ಲಿ ಜಪಾನ್ ಅವರ ನಾಡನ್ನು ಆಳುತ್ತಿದ್ದ ಫ್ರಾನ್ಸಿನ ಜೊತೆ ಒಪ್ಪಂದ ಮಾಡಿಕೊಂಡಿತು, 1909ರ ಹೊತ್ತಿಗೆ ಅವರನ್ನು ಹೊರಹಾಕಿತು.