ಲ್ಯಾಮಿಂಗ್ಟನ್ ರೋಡಿನ ಕೊಟೇಶನ್ ಚೀಟಿ: ಕಂಪ್ಯೂಟರ್ ಜೋಡಿಸುವ ವಿದ್ಯೆಯ ಚರಿತ್ರೆ

ಕಂಪ್ಯೂಟರ್ ಜೋಡಿಸೋಕೆ ಹೊರಟವರ ಕೈಲಿ ಒಂದು ಕೊಟೇಶನ್ ಚೀಟಿ ಇರುತ್ತೆ. ಮೇಲಿಂದ ಕೆಳಕ್ಕೆ ಪ್ರೊಸೆಸರ್, ಮದರ್‌ಬೋರ್ಡ್, ರ‍್ಯಾಮ್, ಡಿಸ್ಕ್, ಗ್ರಾಫಿಕ್ಸ್ ಕಾರ್ಡ್, ಕೊನೆಗೆ ಕ್ಯಾಬಿನೆಟ್ಟು, ಎಸ್‌ಎಂಪಿಎಸ್ಸು. ಎಲ್ಲರೂ ಇದನ್ನು ದರಪಟ್ಟಿ ಅಂತ ಓದ್ತಾರೆ. ಇವತ್ತು ನಾವು ಇದನ್ನು ಚರಿತ್ರೆಯ ಕಾಗದ ಅಂತ ಓದೋಣ. ಯಾಕಂದ್ರೆ ಆ ಒಂದೊಂದು ಸಾಲಿನ ಹಿಂದೆಯೂ ಒಂದೊಂದು ಕಾಲದ ತಾಪತ್ರಯ ಇದೆ.

ನಾನಿರೋದು ಘಾಟ್ಕೋಪರ್‌ನಲ್ಲಿ. ಇಲ್ಲಿಯ ಎಷ್ಟೋ ಮನೆಗಳಲ್ಲಿ ಒಂದೇ ಖೋಲಿ, ಮೂಲೆಯಲ್ಲಿ ಒಂದು ಮೇಜು. ಅದರ ಮೇಲಿನ ಕಂಪ್ಯೂಟರ್ ಹಗಲು ಮದುವೆ ವಿಡಿಯೋ ಎಡಿಟ್ ಮಾಡ್ಬೇಕು, ರಾತ್ರಿ ಗೇಮ್ ಓಡಿಸ್ಬೇಕು. ದುಡ್ಡು ಸಾಲದ್ದು. ತಪ್ಪು ಸಾಲಿಗೆ ದುಡ್ಡು ಹೋದರೆ ಮದುವೆ ಸೀಸನ್ನೇ ಕೈತಪ್ಪುತ್ತೆ. ಹಾಗಾಗಿ ಈ ಚೀಟಿಯನ್ನು ಓದೋಕೆ ಬರೋದು ಹೊಟ್ಟೆಪಾಡಿನ ಪ್ರಶ್ನೆ.

ಚೀಟಿ ಬರೆಸೋಕೆ ನಮ್ಮವರು ಹೋಗೋದು ಲ್ಯಾಮಿಂಗ್ಟನ್ ರೋಡಿಗೆ. ಘಾಟ್ಕೋಪರ್‌ನಿಂದ ಸೆಂಟ್ರಲ್ ಲೈನಿನಲ್ಲಿ ದಾದರ್, ಅಲ್ಲಿ ವೆಸ್ಟರ್ನ್ ಲೈನಿಗೆ ಬದಲಾಯಿಸಿ ಗ್ರ್ಯಾಂಟ್ ರೋಡ್, ಆಮೇಲೆ ನಡಿಗೆ. ರಸ್ತೆಯ ಈಗಿನ ಹೆಸರು ಡಾ. ದಾದಾಸಾಹೇಬ್ ಭಡ್ಕಮ್‌ಕರ್ ಮಾರ್ಗ. ಜನರ ಬಾಯಲ್ಲಿ ಮಾತ್ರ 1903ರಿಂದ 1907ರವರೆಗೆ ಬಾಂಬೆ ಗವರ್ನರ್ ಆಗಿದ್ದ ಲಾರ್ಡ್ ಲ್ಯಾಮಿಂಗ್ಟನ್ ಇನ್ನೂ ಉಳಿದಿದ್ದಾನೆ. ಮೊದಲು ಇದು ಸಿನಿಮಾದ ಬೀದಿ. 1975ರ ‘ಶೋಲೆ’ ಐದು ವರ್ಷ ಓಡಿದ ಮಿನರ್ವಾ ಟಾಕೀಸು ಇದ್ದದ್ದು ಇಲ್ಲೇ. ಸಿನಿಮಾ ನೋಡೋಕೆ ಜನ ಬರ್ತಿದ್ದ ಬೀದಿಗೆ ಈಗ ಸಿನಿಮಾ ಕತ್ತರಿಸುವ ಯಂತ್ರ ಕೊಳ್ಳೋಕೆ ಬರ್ತಾರೆ.

ಬಿಡಿಭಾಗ ಆರಿಸೋದು ಸಾಧ್ಯವಾದದ್ದಾದ್ರೂ ಹೇಗೆ? ಫ್ರಿಜ್ಜನ್ನು ಹಾಗೆ ಯಾರೂ ಜೋಡಿಸಲ್ಲ. ಉತ್ತರ ಇರೋದು 1981ರ ಆಗಸ್ಟ್ 12ರಲ್ಲಿ. ಅವತ್ತು ಐಬಿಎಂ ತನ್ನ ಪಿಸಿಯನ್ನು ಬಿಡುಗಡೆ ಮಾಡ್ತು. ಬೇಗ ಮುಗಿಸೋ ಅವಸರದಲ್ಲಿ ಹೊರಗಿನ ಭಾಗಗಳನ್ನೇ ಕೊಂಡು ಜೋಡಿಸಿತ್ತು. ಪ್ರೊಸೆಸರ್ ಇಂಟೆಲ್ಲಿನದು, ಸಾಫ್ಟ್‌ವೇರ್ ಮೈಕ್ರೋಸಾಫ್ಟಿನದು. ಸರ್ಕ್ಯೂಟ್ ನಕ್ಷೆಯನ್ನೂ ಪುಸ್ತಕದಲ್ಲಿ ಅಚ್ಚು ಹಾಕಿಸಿತು. ಸ್ವಂತದ್ದು ಅಂತ ಉಳಿಸಿಕೊಂಡ ಮುಖ್ಯ ಭಾಗ ಬಯೋಸ್ ಒಂದೇ. ಕಾಂಪ್ಯಾಕ್ ಅದಕ್ಕೆ ಸಮನಾದದ್ದನ್ನು ನಕಲು ಹೊಡೆಯದೆ ಹೊಸದಾಗಿ ಬರೀತು. 1984ರ ಹೊತ್ತಿಗೆ ಫೀನಿಕ್ಸ್ ಕಂಪನಿ ಅಂಥ ಬಯೋಸನ್ನು ಬೇಕಾದವರಿಗೆಲ್ಲ ಮಾರೋಕೆ ಶುರು ಮಾಡ್ತು. ಅಲ್ಲಿಂದ ಪಿಸಿ ಒಂದು ಕಂಪನಿಯ ಸ್ವತ್ತಾಗಿ ಉಳಿಯಲಿಲ್ಲ.

ಅದೇ 1984ರ ನವೆಂಬರ್‌ನಲ್ಲಿ ರಾಜೀವ್ ಗಾಂಧಿ ಸರ್ಕಾರ ಹೊಸ ಕಂಪ್ಯೂಟರ್ ನೀತಿ ತಂದು ಬಿಡಿಭಾಗಗಳ ಆಮದನ್ನು ಸಡಿಲ ಮಾಡ್ತು. 1991ರ ಉದಾರೀಕರಣ ಇನ್ನಷ್ಟು ಬಾಗಿಲು ತೆರೀತು. 1997ರಲ್ಲಿ ಭಾರತ ಮಾಹಿತಿ ತಂತ್ರಜ್ಞಾನ ಒಪ್ಪಂದಕ್ಕೆ ಸೇರಿತು. ಅದರಂತೆ ಕಂಪ್ಯೂಟರ್ ಭಾಗಗಳ ಆಮದು ಸುಂಕ ಹಂತಹಂತವಾಗಿ ಇಳಿದು 2005ಕ್ಕೆ ಸೊನ್ನೆಗೆ ಬಂತು. ಮುಂಬಯಿಯ ಲ್ಯಾಮಿಂಗ್ಟನ್ ರೋಡ್, ದಿಲ್ಲಿಯ ನೆಹರೂ ಪ್ಲೇಸ್, ನಮ್ಮ ಬೆಂಗಳೂರಿನ ಎಸ್.ಪಿ. ರೋಡ್ ಬೆಳೆದದ್ದು ಈ ಗಾಳಿಗೆ. ‘ಅಸೆಂಬಲ್ಡ್’ ಅನ್ನೋ ಪದ ಕನ್ನಡದ ಮನೆಗಳಿಗೂ ಬಂತು.

ಆಗ ಜೋಡಿಸೋದು ಭಯದ ಕೆಲಸ. ಹಳೆಯ ಎಟಿ ಬೋರ್ಡುಗಳಿಗೆ ಕರೆಂಟು ಹೋಗ್ತಿದ್ದದ್ದು ಪಿ8, ಪಿ9 ಅನ್ನೋ ಎರಡು ಕನೆಕ್ಟರ್‌ಗಳಿಂದ. ಎರಡರ ಕಪ್ಪು ವೈರುಗಳು ನಡುವೆ ಒಟ್ಟಿಗಿರಬೇಕು. ಅದಲುಬದಲಾದರೆ ಬೋರ್ಡು ಸುಟ್ಟಿತು ಅಂತಲೇ ಲೆಕ್ಕ. 1995ರಲ್ಲಿ ಇಂಟೆಲ್ ತಂದ ಎಟಿಎಕ್ಸ್ ವಿನ್ಯಾಸದಲ್ಲಿ ತಿರುಗಿಸಿ ಹಾಕೋಕೆ ಬಾರದ ಒಂದೇ ಕನೆಕ್ಟರ್ ಬಂತು. ಅಂಗಡಿಯ ಹುಡುಗನ ಕೈಚಳಕ ಮನೆಯ ಹುಡುಗನಿಗೂ ದಕ್ಕಿತು.

ಇನ್ನು ಗೇಮಿನವರ ಕತೆ. 1996ರಲ್ಲಿ 3ಡಿಎಫ್‌ಎಕ್ಸ್ ಕಂಪನಿಯ ವೂಡೂ ಕಾರ್ಡ್ ಬಂತು. ಅದು 3ಡಿ ಚಿತ್ರ ಮಾತ್ರ ಮೂಡಿಸ್ತಿತ್ತು. ಮಾಮೂಲಿ ಪರದೆಗೆ ಇನ್ನೊಂದು ಕಾರ್ಡ್ ಇರಲೇಬೇಕು. 1998ರ ಸೆಲೆರಾನ್ 300ಎ ಅಂತೂ ಬಡವರ ಭಾಗ್ಯ. ಬೋರ್ಡಿನ ವೇಗ 66ರಿಂದ 100 ಮೆಗಾಹರ್ಟ್ಸ್‌ಗೆ ಏರಿಸಿದರೆ 300ರ ಪ್ರೊಸೆಸರ್ 450ರಲ್ಲಿ ಓಡ್ತಿತ್ತು. ದುಬಾರಿ ಪ್ರೊಸೆಸರಿನ ದುಡ್ಡು ಉಳಿಸಿ ಗ್ರಾಫಿಕ್ಸ್ ಕಾರ್ಡಿಗೆ ಹಾಕು ಅನ್ನೋ ಗೇಮರ್‌ಗಳ ಸೂತ್ರಕ್ಕೆ ಬಲ ಬಂದದ್ದು ಇಂಥ ಲೆಕ್ಕಗಳಿಂದ. ಇವತ್ತಿಗೂ ಅದು ಸರಿಯೇ.

ಎಡಿಟಿಂಗಿನವರ ಸಂಕಟ ಮಾತ್ರ ಬೇರೆ. 1995ರಲ್ಲಿ ಡಿವಿ ಟೇಪು ಬಂತು. ಮದುವೆ ವಿಡಿಯೋದವರು ವಿಎಚ್‌ಎಸ್ ಬಿಟ್ಟು ನಿಧಾನಕ್ಕೆ ಅದಕ್ಕೆ ಹೊರಳಿದರು. ಫೈರ್‌ವೈರ್ ಕಾರ್ಡಿನಿಂದ ಕಂಪ್ಯೂಟರಿಗೆ ಇಳಿಸಿದರೆ ಒಂದು ಗಂಟೆಗೆ ಸುಮಾರು 13 ಜಿಬಿ. ಆಗಿನ ಸಾಮಾನ್ಯ ಹಾರ್ಡ್ ಡಿಸ್ಕು ಅಷ್ಟು ಇರ್ತಿರಲಿಲ್ಲ. ಮೇಲಿಂದ ವಿಂಡೋಸ್ 98ರಲ್ಲಿ ಒಂದು ಫೈಲು 4 ಜಿಬಿ ದಾಟುವಂತಿರಲಿಲ್ಲ, ಅಂದ್ರೆ ಹದಿನೆಂಟು ನಿಮಿಷ ಚಿಲ್ಲರೆ. ಧಾರೆಯ ಮಂತ್ರ ಮುಗಿಯೋದ್ರೊಳಗೆ ಫೈಲು ತುಂಡು! 2001ರ ವಿಂಡೋಸ್ ಎಕ್ಸ್‌ಪಿ ಬಂದು, ಡಿಸ್ಕನ್ನು ಎನ್‌ಟಿಎಫ್‌ಎಸ್‌ಗೆ ಹಾಕಿದ ಮೇಲೆ ಆ ಕಾಟ ತಪ್ಪಿತು. ಆ ಕಾಲದಲ್ಲಿ ಎಡಿಟರ್ ಚೀಟಿಯಲ್ಲಿ ದಪ್ಪ ಅಕ್ಷರದಲ್ಲಿ ಇರಬೇಕಾದ ಸಾಲು ಡಿಸ್ಕಿನದು.

ಈಗ ತಿರುಗಿ ನೋಡಿ. ಡಿವಿಯಲ್ಲಿ ಪ್ರತಿ ಚೌಕಟ್ಟೂ ತನ್ನಷ್ಟಕ್ಕೆ ಪೂರ್ಣ. ಇವತ್ತಿನ ಫೋನು, ಕ್ಯಾಮೆರಾಗಳ ಎಚ್‌ಇವಿಸಿ ವಿಡಿಯೋದಲ್ಲಿ ಹಾಗಲ್ಲ. ಬಹುಪಾಲು ಚೌಕಟ್ಟುಗಳಲ್ಲಿ ಅಕ್ಕಪಕ್ಕದ ಚೌಕಟ್ಟಿಗಿಂತ ಏನು ಬದಲಾಯ್ತು ಅನ್ನೋದಷ್ಟೇ ಇರುತ್ತೆ. ಫೈಲು ಚಿಕ್ಕದು, ಬಿಡಿಸೋ ಲೆಕ್ಕ ದೊಡ್ಡದು. ಅವತ್ತು ಜಾಗ ಸಾಲದೆ ಕೆಲಸ ನಿಲ್ತಿತ್ತು, ಇವತ್ತು ಲೆಕ್ಕ ಮುಗಿಯದೆ ನಿಲ್ಲುತ್ತೆ.

ಇಲ್ಲೊಂದು ಅಕ್ಷರದ ಕತೆ ಕೇಳಿ. 2011ರಿಂದ ಇಂಟೆಲ್ ಪ್ರೊಸೆಸರುಗಳ ಒಳಗಿನ ಗ್ರಾಫಿಕ್ಸ್‌ನಲ್ಲಿ ಕ್ವಿಕ್ ಸಿಂಕ್ ಅನ್ನೋ ವಿಡಿಯೋ ಬಿಡಿಸುವ ಭಾಗ ಇದೆ. 2019ರಿಂದ ಆ ಗ್ರಾಫಿಕ್ಸ್ ಇಲ್ಲದ, ಹೆಸರಿನ ಕೊನೆಗೆ ‘ಎಫ್’ ಇರುವ ಪ್ರೊಸೆಸರುಗಳೂ ಬಂದವು, ಬೆಲೆ ಸ್ವಲ್ಪ ಕಡಿಮೆ. ಬರೀ ಗೇಮ್ ಆಡುವವರಿಗೆ ಅದು ಬುದ್ಧಿವಂತಿಕೆ, ಹೇಗೂ ಬೇರೆ ಕಾರ್ಡ್ ಇರುತ್ತಲ್ಲ. ಎಡಿಟರ್‌ಗೆ ಹಾಗಲ್ಲ. ಕೆಲವು ಕ್ಯಾಮೆರಾಗಳ 10 ಬಿಟ್ 4:2:2 ಎಚ್‌ಇವಿಸಿ ವಿಡಿಯೋವನ್ನು 2021ರ ಇಂಟೆಲ್ ಗ್ರಾಫಿಕ್ಸೇ ಬಿಡಿಸ್ತಿತ್ತು. ಎನ್‌ವಿಡಿಯಾ ಗೇಮಿಂಗ್ ಕಾರ್ಡುಗಳಿಗೆ ಆ ಶಕ್ತಿ ಬಂದದ್ದು 2025ರ ಆರ್‌ಟಿಎಕ್ಸ್ 50 ಸರಣಿಯಲ್ಲಿ. ಒಂದು ಅಕ್ಷರದಲ್ಲಿ ಉಳಿಸಿದ ದುಡ್ಡನ್ನು ರಾತ್ರಿಗಟ್ಟಲೆ ಕಾಯೋದ್ರಲ್ಲಿ ತೀರಿಸಬೇಕಾಗುತ್ತೆ.

ಪೇಟೆಯ ಗಾಳಿಯೂ ಚೀಟಿಯನ್ನು ತಿದ್ದುತ್ತೆ. 2021ರಲ್ಲಿ ಕ್ರಿಪ್ಟೋ ಗಣಿಗಾರಿಕೆ, ಚಿಪ್ ಕೊರತೆ ಎರಡೂ ಸೇರಿ ಗ್ರಾಫಿಕ್ಸ್ ಕಾರ್ಡಿನ ಬೆಲೆ ಆಕಾಶಕ್ಕೆ ಹೋಯ್ತು. 2025ರ ಕೊನೆಗೆ ಎಐ ಡೇಟಾ ಸೆಂಟರುಗಳ ಹಸಿವಿಗೆ ರ‍್ಯಾಮ್ ದುಬಾರಿ ಆಯ್ತು. ಘಾಟ್ಕೋಪರ್‌ನ ಹುಡುಗನ ಬಜೆಟ್ ಎಲ್ಲೋ ದೂರದಲ್ಲಿ ತೀರ್ಮಾನ ಆಗುತ್ತೆ.

ಕೊನೆಯ ಸಾಲು ಎಸ್‌ಎಂಪಿಎಸ್. ಬಜೆಟ್ ಮೀರಿದಾಗ ಕತ್ತರಿ ಬೀಳೋದು ಸಾಮಾನ್ಯವಾಗಿ ಇಲ್ಲಿಗೇ, ಯಾಕಂದ್ರೆ ಇದರಿಂದ ವೇಗ ಏರಲ್ಲ. 2000ದ ದಶಕದ ಮೊದಲಲ್ಲಿ ಕಳಪೆ ಕೆಪಾಸಿಟರುಗಳು ಉಬ್ಬಿ, ಸೋರಿ ಜಗತ್ತಿನಾದ್ಯಂತ ಬೋರ್ಡುಗಳು, ಎಸ್‌ಎಂಪಿಎಸ್‌ಗಳು ಕೈಕೊಟ್ಟಿದ್ದನ್ನು ಮರೀಬೇಡಿ. ಸೆಕೆಯ ಖೋಲಿಯಲ್ಲಿ ರಾತ್ರಿಯಿಡೀ ರೆಂಡರ್ ಹಾಕುವವರು ಕತ್ತರಿಸಬಾರದ ಸಾಲು ಇದೇ.

ನಲವತ್ತು ವರ್ಷದ ಚರಿತ್ರೆಯಿಂದ ನನಗೆ ಕಾಣೋದು ಇಷ್ಟು: ಕೆಲಸ ಕಟ್ಟಿಕೊಳ್ಳುವ ಜಾಗ ಪ್ರತಿ ಕಾಲಕ್ಕೂ ಬದಲಾಗಿದೆ, ಚೀಟಿಯ ಕ್ರಮ ಮಾತ್ರ ಬದಲಾಗಿಲ್ಲ. ಮೇಲಿನ ಸಾಲಿನ ದೊಡ್ಡ ನಂಬರಿಗೇ ದುಡ್ಡು ಹರಿಯುತ್ತೆ. ಅದಕ್ಕೇ ಅಂಗಡಿಗೆ ಹೋಗೋ ಮುಂಚೆ ನಿಮ್ಮ ಚೀಟಿ ನೀವೇ ಬರೀರಿ. ಮೊದಲ ಸಾಲಿನಲ್ಲಿ ಪ್ರೊಸೆಸರ್ ಬೇಡ, ನಿಮ್ಮ ಕ್ಯಾಮೆರಾ ಕೊಡುವ ಫೈಲಿನ ಜಾತಿ ಬರೀರಿ. ಎರಡನೆಯದರಲ್ಲಿ ಆಡೋ ಗೇಮಿನ ಹೆಸರು. ಮೂರನೆಯದರಲ್ಲಿ ವಿಡಿಯೋದ ಇನ್ನೊಂದು ಪ್ರತಿ ಇಡೋ ಡಿಸ್ಕು, ಮದುವೆ ಎರಡು ಸಲ ನಡೆಯಲ್ಲ. ಉಳಿದ ಭಾಗಗಳು ಆಮೇಲೆ. ಬಿಲ್ಲು ಮರೀಬೇಡಿ, ವಾರಂಟಿ ನಿಂತಿರೋದು ಅದರ ಮೇಲೆ.

ಮುಂದಿನ ಮಾತಿನಲ್ಲಿ ಸಿಗೋಣ.