ಬಂಡೆಯ ನಾಡಿನಿಂದ ಹಿಮದ ಇಳಿಜಾರಿಗೆ: ಹೊಸೂರು ಸೀಮೆಯಿಂದ ಒಂದು ಟಿಪ್ಪಣಿ

ನನ್ನ ವಿಷಯದ ಹೆಸರು ನೋಡಿ ಕೆಲವರು ನಕ್ಕಿರಬಹುದು. ಹೊಸೂರಲ್ಲಿ ಹಿಮ ಎಲ್ಲಿಂದ ಬರಬೇಕು, ಅಲ್ವಾ? ನಮ್ಮಲ್ಲಿರುವುದು ಚಂದ್ರಚೂಡೇಶ್ವರನ ಬೆಟ್ಟ, ರಾಯಕೋಟೆ, ಕೃಷ್ಣಗಿರಿ. ಎಲ್ಲವೂ ಬಂಡೆ. ಆದರೆ ಇಳಿಜಾರನ್ನು ಓದುವ ವಿದ್ಯೆಗೆ ಈ ಸೀಮೆಯ ಚರಿತ್ರೆ ಒಳ್ಳೆಯ ಪ್ರವೇಶ ಅಂತ ನನಗನ್ನಿಸುತ್ತೆ.

1791ರ ಜುಲೈನಲ್ಲಿ ಹೊಸೂರು, ರಾಯಕೋಟೆ ಎರಡೂ ಕಂಪನಿ ಸೈನ್ಯದ ಕೈಸೇರಿದವು. ಅದೇ ವರ್ಷ ನವೆಂಬರಿನಲ್ಲಿ ಮ್ಯಾಕ್ಸ್‌ವೆಲ್‌ನ ದಳ ಕೃಷ್ಣಗಿರಿಯ ಕೆಳಕೋಟೆಯನ್ನು ಹಿಡಿದು, ಓಡಿಹೋಗುತ್ತಿದ್ದವರ ಬೆನ್ನಟ್ಟಿ ಮೇಲ್ಕೋಟೆಗೆ ನುಗ್ಗಲು ನೋಡಿತು. ಮೇಲಿದ್ದ ಟಿಪ್ಪುವಿನ ಕಾವಲಿನವರು ದೊಡ್ಡ ದೊಡ್ಡ ಕಲ್ಲುಗಳನ್ನು ಉರುಳಿಸಿದರು. ಏಣಿಗಳು ಮುರಿದವು, ದಳ ಹಿಂದೆ ಸರಿಯಿತು. ಹತ್ತುವವನ ಕಸುವು ಎಷ್ಟೇ ಇರಲಿ, ಮೇಲಿನಿಂದ ಏನು ಬರಬಹುದು ಎಂಬುದೇ ಅಲ್ಲಿ ತೀರ್ಮಾನ ಮಾಡಿತು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತದೆ.

ಈಗ ಹಿಮಗೊಡಲಿ, ಅಂದರೆ ಐಸ್ ಆಕ್ಸ್. ಹಿಮದಲ್ಲಿ ಕಾಲು ಜಾರಿದವನು ಕೊಡಲಿಯ ತಲೆಯನ್ನು ಭುಜದ ಹತ್ತಿರ ಹಿಡಿದು, ಹಿಡಿಯನ್ನು ಎದೆಗೆ ಅಡ್ಡಲಾಗಿಟ್ಟು, ಹೊಟ್ಟೆಯ ಮೇಲೆ ಹೊರಳಿ, ಮೈಭಾರವೆಲ್ಲ ಮೊನೆಯ ಮೇಲೆ ಬೀಳುವಂತೆ ಒತ್ತಬೇಕು. ಇದೇ ಸೆಲ್ಫ್ ಅರೆಸ್ಟ್. ವೇಗ ಏರುವ ಮೊದಲೇ ಆಗಬೇಕು. ಯೋಚಿಸಲು ಸಮಯವಿರಲ್ಲ, ಆದ್ದರಿಂದ ಬೇಕಂತಲೇ ಜಾರಿ ಜಾರಿ ಕಲಿಯಬೇಕು. ಹಾಗೆ ಜಾರಲು ಎಲ್ಲಿ ಜಾಗ?

ಭಾರತದ ಪರ್ವತಾರೋಹಣ ಸಂಸ್ಥೆಗಳ ಚರಿತ್ರೆಯನ್ನು ಈ ಒಂದು ಪ್ರಶ್ನೆಯಿಂದಲೂ ಓದಬಹುದು. 1954ರಲ್ಲಿ ಡಾರ್ಜಿಲಿಂಗಿನ ಸಂಸ್ಥೆ ಆರಂಭವಾದಾಗ ಕ್ಷೇತ್ರ ತರಬೇತಿಯ ಹೊಣೆ ತೇನ್‌ಸಿಂಗ್ ನಾರ್ಗೆಯವರದು. ಊರಿನ ಬಂಡೆಯಲ್ಲಿ ಹಗ್ಗದ ಪಾಠ ಆಗುತ್ತಿತ್ತು, ಹಿಮದ ಪಾಠಕ್ಕೆ ಸಿಕ್ಕಿಮಿನ ರಾಥೋಂಗ್ ಹಿಮನದಿಯ ಕಡೆಗೆ ನಡೆಯಬೇಕಿತ್ತು. 1965ರ ಉತ್ತರಕಾಶಿಯ ನೆಹರು ಸಂಸ್ಥೆಯದೂ ಇದೇ ಕ್ರಮ: ತೇಖಲಾದಲ್ಲಿ ಬಂಡೆ, ದೋಕ್ರಿಯಾನಿ ಬಾಮಕ್‌ನಲ್ಲಿ ಹಿಮ. ಬೆಂಗಳೂರು, ಹೊಸೂರು ಕಡೆಯ ಹುಡುಗರು ಬಂಡೆಯ ಪಾಠವನ್ನು ರಾಮನಗರದಲ್ಲೇ ಕಲಿತು ಹೋಗುತ್ತಾರೆ. ಹಿಮದ ಮೊದಲ ದಿನ ಮಾತ್ರ ಅವರೂ ಹೊಸಬರೇ.

ಆದರೆ ಆ ಜಾಗಗಳೂ ನಿಂತಲ್ಲಿ ನಿಂತಿಲ್ಲ. ದೋಕ್ರಿಯಾನಿ ಹಿಮನದಿ 1962ರಿಂದ 1995ರವರೆಗೆ ಸುಮಾರು 550 ಮೀಟರ್ ಹಿಂದೆ ಸರಿದಿದೆ ಅಂತ ಭೂವಿಜ್ಞಾನಿಗಳು ಅಳೆದಿದ್ದಾರೆ. ಹಿಂದಿನ ಬ್ಯಾಚು ಜಾರಿ ಕಲಿತ ಇಳಿಜಾರಿನ ಬುಡದಲ್ಲಿ ಇಂದು ಕಲ್ಲು ಎದ್ದಿರಬಹುದು. ಹಳೆಯ ಡೈರಿಯ ನಕಾಶೆ ಹಿಡಿದು ಹೋಗುವುದು ನನ್ನ ಮಟ್ಟಿಗೆ ಅಪಾಯವೇ.

2022ರ ಅಕ್ಟೋಬರ್ 4ರಂದು ದ್ರೌಪದಿ ಕಾ ಡಾಂಡಾ-2ರಲ್ಲಿ ಹಿಮಕುಸಿತಕ್ಕೆ ಸಿಕ್ಕಿದ್ದು ಉತ್ತರಕಾಶಿ ಸಂಸ್ಥೆಯ ತರಬೇತಿ ತಂಡವೇ. 27 ಮಂದಿಯ ಶವ ಸಿಕ್ಕಿತು. ಬೆಂಗಳೂರಿನವರೂ ಅವರಲ್ಲಿದ್ದರು. ಅದು ಸೆಲ್ಫ್ ಅರೆಸ್ಟ್ ಅಭ್ಯಾಸದ ಜಾಗವಲ್ಲ, ಶಿಖರದ ದಾರಿ. ಕಾರಣ ಯಾರ ಮೇಲೆ ಹೊರಿಸಬೇಕು ಅನ್ನೋದು ಈ ವೇದಿಕೆಯ ಕೆಲಸವೂ ಅಲ್ಲ. ಆದರೂ ಒಂದು ವಿಷಯ ಸ್ಪಷ್ಟ. ಕೊಡಲಿ ನಿಲ್ಲಿಸುವುದು ಜಾರುವ ಮನುಷ್ಯನನ್ನು, ಜಾರುವ ಹಿಮವನ್ನಲ್ಲ. ಕೃಷ್ಣಗಿರಿಯ ಏಣಿಗಳ ಕಥೆ ನೆನಪಾಯಿತಲ್ಲ?

ಚಾಟ್‌ನಲ್ಲಿ ಒಬ್ಬರು ಕೇಳಿದ್ದಾರೆ: "ಹಾಗಾದರೆ ಎಂಥಾ ಇಳಿಜಾರು ಹುಡುಕಬೇಕು?" ಮೊದಲು ಬುಡ ನೋಡಿ, ಸರ್. ಇಳಿಜಾರು ನಿಧಾನಕ್ಕೆ ಸಪಾಟಾಗಿ, ಬೋಗುಣಿಯ ತಳದ ಹಾಗೆ ಮುಗಿಯಬೇಕು. ಕೊಡಲಿ ಕೈತಪ್ಪಿದರೂ ಮನುಷ್ಯ ತಾನಾಗಿ ನಿಲ್ಲಬೇಕು. ಕೆಳಗೆ ಕಲ್ಲು, ಮರ, ಬಿರುಕು, ಪ್ರಪಾತ ಇರಬಾರದು. ಆಮೇಲೆ ಮೇಲೆ ನೋಡಿ. ತಲೆಯ ಮೇಲೆ ಹಿಮ ಹೊತ್ತ ಕಡಿದಾದ ಮುಖ ಇದ್ದರೆ ಅಲ್ಲಿಂದ ಎದ್ದು ಬನ್ನಿ. ಹಿಮಕುಸಿತ ಹೆಚ್ಚಾಗಿ ಆಗುವುದು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. ಹೊಸಬರಿಗೆ ಅದಕ್ಕಿಂತ ಕಡಿಮೆಯೇ ಸಾಕು. ಬೆಳಿಗ್ಗೆ ಗಾಜಿನಂತೆ ಗಟ್ಟಿಯಾಗಿರುವ ಹಿಮ ಮಧ್ಯಾಹ್ನ ಮೆತ್ತಗಾಗುತ್ತದೆ, ಹಾಗಾಗಿ ಹೊತ್ತನ್ನೂ ನೋಡಬೇಕು. ಹೆಲ್ಮೆಟ್, ಕೈಗವಸು ಬೇಕೇ ಬೇಕು. ಕ್ರಾಂಪನ್ ಕಳಚಿಡಿ, ಅದರ ಮುಳ್ಳು ಸಿಕ್ಕಿಕೊಂಡರೆ ಮೈ ಪಲ್ಟಿ ಹೊಡೆಯುತ್ತದೆ, ಕಾಲು ಮುರಿಯುತ್ತದೆ.

ಇನ್ನೊಂದು ಪ್ರಶ್ನೆ: "ನಮ್ಮ ಬೆಟ್ಟದ ಬಂಡೆ ಮೇಲೆ ಅಭ್ಯಾಸ ಮಾಡಬಹುದಾ?" ಬೇಡಮ್ಮ. ಕೊಡಲಿ ಹಿಡಿಯುವ ರೀತಿ, ಹೊರಳುವ ರೀತಿಯನ್ನು ಮನೆಯ ಚಾಪೆಯ ಮೇಲೆ ನೂರು ಸಲ ಮಾಡಿ, ಮೊನೆಗೆ ರಬ್ಬರ್ ಕವಚ ಹಾಕಿಕೊಂಡು. ಜಾರುವುದನ್ನು ಮಾತ್ರ ಹಿಮಕ್ಕೇ ಬಿಡಿ, ಪಕ್ಕದಲ್ಲಿ ಬೋಧಕರು ನಿಂತಿರುವಾಗ.